ಚಿಕ್ಕಿಯ ಎಡಗೈ ಚಿತ್ರಗಳು

ಊಟದ ಮೇಜು ಸಾಲದೆ ಮಂಚ, ಮಂಚ ಸಾಲದೆ ನೆಲ. ಆ ರಜೆಯ ದಿನ ಬೆಳಿಗ್ಗೆ ಚಿಕ್ಕಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಚಿತ್ರಗಳು. ಅವಳ ಗಂಡ ಬಸ್ ಡ್ರೈವರ್. ಇಕ್ಕಟ್ಟಾದ ರಸ್ತೆಗಳಲ್ಲಿ ಆ ದೊಡ್ಡ ಬಸ್ಸನ್ನು ಹೂವಿನಂತೆ ತಿರುಗಿಸುವ ಮನುಷ್ಯ, ಅಡುಗೆಮನೆಯಿಂದ ಹಾಲ್‌ಗೆ ಬರಲು ಟೀ ಲೋಟ ಹಿಡಿದು ತುದಿಗಾಲಲ್ಲಿ ಪರದಾಡುತ್ತಿದ್ದ.

"ರಿವರ್ಸ್ ತಗೊಳ್ಳೋಕೂ ಜಾಗ ಬಿಟ್ಟಿಲ್ವಲ್ಲೇ," ಅಂದ.

ಮೂವರು ಅಕ್ಕಂದಿರ ಬೆನ್ನಿಗೆ ಹುಟ್ಟಿದ್ದಕ್ಕೆ ಅವಳಿಗೆ ಚಿಕ್ಕಿ ಎಂಬ ಹೆಸರು ಅಂಟಿಕೊಂಡಿತ್ತು. ನಲವತ್ತು ದಾಟಿದರೂ ಅದು ಬಿಟ್ಟುಹೋಗಿರಲಿಲ್ಲ. ಮುಂದಿನ ವಾರ ನಗರದ ದೊಡ್ಡ ಸಭಾಂಗಣದಲ್ಲಿ ಆಟಗಳ ಸಮ್ಮೇಳನವಿತ್ತು. ಮನೆಮಂದಿಯೆಲ್ಲ ಕೂತು ಆಡುವ ಬೋರ್ಡ್ ಗೇಮ್, ಕಾರ್ಡ್ ಗೇಮ್‌ಗಳನ್ನು ಹೊರತರುವ ಪ್ರಕಾಶಕರು ಅಲ್ಲಿಗೆ ಬರುತ್ತಾರೆ. ಚಿತ್ರ ಬರೆಯುವವರು ಮೊದಲೇ ಹೆಸರು ಕೊಟ್ಟರೆ ಒಬ್ಬೊಬ್ಬರ ಎದುರೂ ಸ್ವಲ್ಪ ಹೊತ್ತು ಕೂತು ತಮ್ಮ ಕೆಲಸ ತೋರಿಸಬಹುದು. ಚಿಕ್ಕಿ ಹೆಸರು ಕೊಟ್ಟಾಗಿತ್ತು. ಆದರೆ ಯಾವ ಚಿತ್ರ ಒಯ್ಯುವುದು, ಯಾವುದು ಬಿಡುವುದು ಎಂಬಲ್ಲಿ ಅವಳ ತಲೆ ಚಿಟ್ಟು ಹಿಡಿದಿತ್ತು.

ಅದಕ್ಕೆ ಕಾರಣವಿತ್ತು. ಅವಳ ಬಳಿ ಇದ್ದವು ಎರಡು ಕೈಗಳ ಚಿತ್ರಗಳು.

ಮದುವೆಗೂ ಮೊದಲಿನಿಂದ ಅವಳು ಒಂದು ಮುದ್ರಣಾಲಯದಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದಳು. ಸೋಪಿನ ಹೊದಿಕೆ, ಬಿಸ್ಕತ್ತಿನ ಡಬ್ಬಿ, ಬಣ್ಣದ ಪೆನ್ಸಿಲಿನ ಪೆಟ್ಟಿಗೆ, ಹೀಗೆ ಜನ ಬಿಚ್ಚಿ ಎಸೆಯುವ ವಸ್ತುಗಳ ಮೇಲೆ ಅವಳ ಕೆಲಸ ಊರೂರು ಸುತ್ತುತ್ತಿತ್ತು. ಮನೆಗೆ ಬಂದ ಮೇಲೆ ತನ್ನ ಖುಷಿಗೆಂದು ಕೋಟೆ, ಹಡಗು, ಸಂತೆ ಬರೆಯುತ್ತಿದ್ದಳು. ಗೆರೆ ಎಂದರೆ ಅಂಥ ಗೆರೆ, ಕೂದಲೆಳೆಯಷ್ಟು ಸಣ್ಣ, ಎಲ್ಲೂ ನಡುಗದ್ದು. ಒಂದು ಮಳೆಯ ದಿನ ಕೆಲಸಕ್ಕೆ ಹೋಗುವಾಗ ಅವಳ ಸ್ಕೂಟರ್ ಜಾರಿತು. ಬಲ ಮೊಣಕೈ ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ನರಕ್ಕಾದ ಪೆಟ್ಟು ಹಾಗೇ ಉಳಿಯಿತು. ಲೋಟ ಎತ್ತಬಹುದು, ಬಾಗಿಲು ತೆಗೆಯಬಹುದು, ಪೆನ್ಸಿಲ್ ಹಿಡಿದರೆ ಮಾತ್ರ ಬೆರಳು ಅವಳ ಮಾತು ಕೇಳುತ್ತಿರಲಿಲ್ಲ. ಮುದ್ರಣಾಲಯದವರು ಒಳ್ಳೆಯವರು, ಅಕ್ಷರದ ತಪ್ಪು ತಿದ್ದುವ ಕೆಲಸ ಕೊಟ್ಟು ಉಳಿಸಿಕೊಂಡರು. ಅವಳು ಚಿತ್ರದ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕಿದಳು. ಗಂಡ ಅದರ ಸುದ್ದಿಯನ್ನೇ ಎತ್ತಲಿಲ್ಲ.

ಕೈಗೆ ವ್ಯಾಯಾಮ ಮಾಡಿಸಿಕೊಳ್ಳಲು ಅವಳು ವಾರವಾರ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಬೇಕಾಗಿತ್ತು. ಅಲ್ಲಿ ಕಾಯುವುದೇ ಒಂದು ಕೆಲಸ. ಒಂದು ದಿನ ಕೂತು ಕೂತು ಬೇಸರವಾಗಿ, ಎಕ್ಸ್‌ರೇ ಲಕೋಟೆಯ ಹಿಂಬದಿಗೆ ಎಡಗೈಯಲ್ಲಿ ಏನೋ ಗೀಚಿದಳು. ಎದುರಿಗೆ ಕುತ್ತಿಗೆಗೆ ಪಟ್ಟಿ ಹಾಕಿಕೊಂಡ ಉದ್ದನೆಯ ಮನುಷ್ಯನೊಬ್ಬ ಕೂತಿದ್ದ. ಗೀಚುತ್ತಾ ಗೀಚುತ್ತಾ ಅವನು ಜಿರಾಫೆಯಾದ. ಪಕ್ಕದಲ್ಲಿ ಸೊಂಟ ಹಿಡಿದುಕೊಂಡಿದ್ದ ಅಜ್ಜಿ ಆಮೆಯಾದಳು. ಗೆರೆ ಅಂಕುಡೊಂಕಾಗಿತ್ತು, ಆದರೆ ಆಮೆಯ ಮುಖದಲ್ಲಿ 'ನನ್ನ ಸರದಿ ಯಾವಾಗಪ್ಪಾ' ಎಂಬ ಸಂಕಟ ಎದ್ದು ಕಾಣುತ್ತಿತ್ತು.

ವ್ಯಾಯಾಮ ಹೇಳಿಕೊಡುತ್ತಿದ್ದ ಡಾಕ್ಟರಮ್ಮ ಅದನ್ನು ನೋಡಿ ನಕ್ಕುಬಿಟ್ಟರು. ಲಕೋಟೆ ಕೇಳಿ ಪಡೆದು ಗೋಡೆಗೆ ಅಂಟಿಸಿದರು. ಮುಂದಿನ ವಾರ ಚಿಕ್ಕಿ ಹೋದಾಗ ಅದರ ಪಕ್ಕದಲ್ಲಿ ಒಂದು ಖಾಲಿ ಹಾಳೆಯನ್ನೂ ಅಂಟಿಸಿಟ್ಟಿದ್ದರು. "ಅವೆರಡಕ್ಕೇ ಬೇಜಾರಾಗ್ತಿದೆ ನೋಡಿ, ಜೊತೆಗೆ ಇನ್ಯಾರಾದ್ರೂ ಬರಲಿ," ಅಂದರು ಅಷ್ಟೇ. ಉಪದೇಶ ಮಾಡಲಿಲ್ಲ, ಕನಿಕರ ತೋರಿಸಲಿಲ್ಲ. ಆ ಖಾಲಿ ಹಾಳೆಯನ್ನು ಚಿಕ್ಕಿ ಇವತ್ತಿಗೂ ಮರೆತಿಲ್ಲ. ಹಾಗೆ ಶುರುವಾದದ್ದು ನಿಲ್ಲಲಿಲ್ಲ, ಗೋಡೆಗೆ ಅಂಟಿದ ಆ ಎರಡನ್ನೂ ಅವಳು ಮನೆಯಲ್ಲಿ ಹೊಸ ಹಾಳೆಗೆ ಮತ್ತೆ ಬರೆದಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಕೊಕ್ಕರೆ, ಭುಜ ನೋವಿನ ಕರಡಿ, ಏನೂ ಆಗದಿದ್ದರೂ ದಿನಾ ಬರುವ ಮೊಲ, ಒಂದೊಂದಾಗಿ ಬಂದು ಬೆಂಚಿನ ಮೇಲೆ ಕೂತವು.

ಈಗ ಮಂಚದ ಮೇಲೆ ಬಲಗೈಯ ಕೋಟೆಗಳು, ನೆಲದ ಮೇಲೆ ಎಡಗೈಯ ಪ್ರಾಣಿಗಳು.

ಗಂಡನಿಗೆ ಹಡಗಿನ ಚಿತ್ರದ ಮೇಲೆ ಜೀವ. ಬಿರುಗಾಳಿಗೆ ಸಿಕ್ಕ ಆ ಹಡಗಿನ ಒಂದೊಂದು ಹಗ್ಗವನ್ನೂ ಅವಳು ಬಿಡಿಸಿದ್ದನ್ನು ಅವನು ಪಕ್ಕದಲ್ಲಿ ಕೂತು ನೋಡಿದ್ದ. ಅದನ್ನೇ ಮೊದಲಿಡಬೇಕು ಎಂದು ಹಟ ಹಿಡಿದ. ಮುಂಚೆ ಮುದ್ರಣಾಲಯದ ಚಿತ್ರ ವಿಭಾಗಕ್ಕೆ ಮುಖ್ಯಸ್ಥರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಚಿಕ್ಕಿ ಅವರನ್ನು ಕರೆಸಿಕೊಂಡಳು.

ಮೇಷ್ಟ್ರು ಬೂಟು ಬಿಚ್ಚಿ, ಚಿತ್ರಗಳ ನಡುವೆ ನಿಧಾನವಾಗಿ ಓಡಾಡಿ, ಕೊನೆಗೆ ಉಳಿದಿದ್ದ ಒಂದೇ ಕುರ್ಚಿಯಲ್ಲಿ ಕೂತರು. ಜಾಸ್ತಿ ಇಡಬೇಡ, ನೋಡುವವರಿಗೆ ಸುಸ್ತಾಗುತ್ತದೆ ಎಂದರು. ಅರೆಬರೆ ಚೆನ್ನಾಗಿರುವುದನ್ನು ಸೇರಿಸಿದರೆ ಒಳ್ಳೆಯದೂ ಅದರ ಜೊತೆ ಕೆಡುತ್ತದೆ ಎಂದರು. ಬಲಗೈಯೋ ಎಡಗೈಯೋ ಎಂದು ಅವಳು ಕೇಳಿದಾಗ ಹಡಗನ್ನೂ ಆಮೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ನೋಡಮ್ಮಾ, ಅವರು ಕೊಳ್ಳೋದು ಈ ಚಿತ್ರ ಅಲ್ಲ. ನೀನು ನಾಳೆ ಬರೀಬೇಕಾದ ಚಿತ್ರ. ಇಂಥದೇ ಇನ್ನೊಂದು ಬೇಕು ಅಂದಾಗ ಯಾವುದನ್ನ ಮಾಡಿ ಕೊಡ್ತೀಯೋ ಅದನ್ನ ಇಡು."

ಅವರು ಹೋದ ಮೇಲೆ ಗಂಡನ ಮುಖ ಸಪ್ಪೆಯಾಗಿತ್ತು. ಹಡಗನ್ನು ಕೈಗೆತ್ತಿಕೊಂಡು, "ಇದನ್ನ ಬಿಟ್ಟು ಹೋದ್ರೆ ನೀನೇನು ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?" ಎಂದು ಕೇಳಿದ.

"ಅದು ನಾನಾಗಿದ್ದೆ ರೀ," ಅಂದಳು ಚಿಕ್ಕಿ. "ಇದನ್ನ ನೋಡಿ ಕೆಲಸ ಕೊಟ್ಟರೆ ಯಾರ ಹತ್ತಿರ ಮಾಡಿಸಿ ಕೊಡಲಿ?"

ಅಪಘಾತವಾದ ಮೇಲೆ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಗಂಡ ಹಡಗನ್ನು ಒಂದು ಹಳೆಯ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟ. ಆಮೇಲೆ ನೆಲದ ಮೇಲೆ ಅವಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕರಡಿ ಮೊದಲೋ ಜಿರಾಫೆ ಮೊದಲೋ ಎಂದು ಜೋಡಿಸತೊಡಗಿದ. ಮಧ್ಯಾಹ್ನದವರೆಗೂ ಇಬ್ಬರೂ ಅದೇ ಕೆಲಸದಲ್ಲಿದ್ದರು. ಕೊಕ್ಕರೆಯ ಪ್ಲಾಸ್ಟರ್ ಸರಿಯಾಗಿ ಬಂದಿಲ್ಲ ಎಂದು ಅವಳು ಅದನ್ನು ತೆಗೆದಿಟ್ಟಳು. ಮೊಲ ಇರಲೇಬೇಕು, ಅಂಥವರು ದಿನಾ ನನ್ನ ಬಸ್ಸಿಗೆ ಹತ್ತುತ್ತಾರೆ ಎಂದು ಅವನು ವಾದಿಸಿ ಗೆದ್ದ.

ಸಮ್ಮೇಳನದ ದಿನ ಅವನು ರಜೆ ಹಾಕಿ ಜೊತೆಗೆ ಬಂದ. ಒಳಗೆ ಕಾಲಿಟ್ಟರೆ ಜನವೋ ಜನ. ಉದ್ದುದ್ದ ಮೇಜುಗಳು, ದಾಳ ಉರುಳುವ ಸದ್ದು, ಸೋತವರ ಗೊಣಗಾಟ. ಪ್ರಕಾಶಕರನ್ನು ಭೇಟಿಯಾಗುವ ಕೋಣೆ ಮಹಡಿಯ ಮೇಲಿತ್ತು. ಚಿಕ್ಕಿ ಚಿತ್ರಗಳ ಫೈಲನ್ನು ಎದೆಗವಚಿಕೊಂಡು ಒಳಗೆ ಹೋದಳು. ಗಂಡ ಬಾಗಿಲ ಬಳಿಯೇ ನಿಂತ.

ಮೊದಲನೆಯ ಪ್ರಕಾಶಕರು ಮರ್ಯಾದಸ್ಥರು. ಫೈಲನ್ನು ಪೂರ್ತಿ ತಿರುವಿ, ಕಲ್ಪನೆ ಚೆನ್ನಾಗಿದೆ, ಆದರೆ ತಮಗೆ ಬೇಕಾದದ್ದು ಅಚ್ಚುಕಟ್ಟಾದ ಗೆರೆ, ಇದು ಸ್ವಲ್ಪ ಅಲುಗುತ್ತದೆ ಎಂದರು. ಬೀರುವಿನಲ್ಲಿದ್ದ ಹಡಗು ಅವಳ ಕಣ್ಣ ಮುಂದೆ ಬಂತು. ನಮಸ್ಕಾರ ಹೇಳಿ, ಫೈಲು ಎತ್ತಿಕೊಂಡು ಎದ್ದಳು.

ಎರಡನೆಯ ಮೇಜಿನಲ್ಲಿ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಒಬ್ಬ ಹೆಂಗಸು ಕೂತಿದ್ದರು. ಬೆಳಗಿನಿಂದ ಕೋಟೆಗಳನ್ನೂ ಕತ್ತಿಗಳನ್ನೂ ನೋಡಿ ನೋಡಿ ದಣಿದ ಮುಖ. ಮೊದಲ ಹಾಳೆ ತೆಗೆದರು, ಕನ್ನಡಕ ಇಳಿಸಿಕೊಂಡರು. ಆಮೆಯ ಹತ್ತಿರ ಬಂದಾಗ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಇವರೆಲ್ಲ ಹೀಗೆ ಕಾಯ್ತಾ ಏನು ಮಾಡ್ತಾರೆ?" ಎಂದು ಕೇಳಿದರು.

"ಮುಂದಿರೋರನ್ನ ಹೇಗಾದ್ರೂ ಹಿಂದೆ ಹಾಕೋಕೆ ನೋಡ್ತಾರೆ," ಅಂದಳು ಚಿಕ್ಕಿ. "ಮೊಲ ಸುಳ್ಳು ಹೇಳುತ್ತೆ. ಕರಡಿ ನರಳುತ್ತೆ. ಆಮೆ ಮಾತ್ರ ಪಾಪ, ಎಲ್ಲರಿಗೂ ಜಾಗ ಬಿಟ್ಟುಕೊಡುತ್ತೆ."

ಆ ಹೆಂಗಸು ಫೈಲು ಮುಚ್ಚಿ ಅವಳನ್ನೇ ನೋಡಿದರು. ಇದರಲ್ಲೇ ಒಂದು ಕಾರ್ಡ್ ಆಟ ಅಡಗಿ ಕೂತಿದೆ ಎಂದರು. ಆಮೇಲೆ ಒಂದು ಹಾಳೆ, ಒಂದು ಪೆನ್ನು ಮುಂದಿಟ್ಟು, ಹಲ್ಲುನೋವಿನ ಮೊಸಳೆಯೊಂದನ್ನು ಈಗಲೇ ಬರೆದು ತೋರಿಸಲು ಆಗುತ್ತದೆಯೇ ಎಂದು ಕೇಳಿದರು.

ಚಿಕ್ಕಿ ಎಡಗೈಯಲ್ಲಿ ಪೆನ್ನು ತೆಗೆದುಕೊಂಡಳು. ಮೊಸಳೆ ಬಂತು, ದವಡೆಗೆ ಬಟ್ಟೆ ಕಟ್ಟಿಕೊಂಡು, ಬಾಯಿ ತೆರೆಯಲು ಒಪ್ಪದೆ ಮುಖ ಊದಿಸಿಕೊಂಡು. ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯಲಿಲ್ಲ. ತಲೆ ಎತ್ತಿದಾಗ ಪಕ್ಕದ ಮೇಜಿನವರೂ ಬಗ್ಗಿ ನೋಡುತ್ತಿದ್ದರು. ಬಾಗಿಲ ಬಳಿ ಗಂಡ ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಸೆಕೆ ಎಂದು ಆಮೇಲೆ ಹೇಳಿದ.

ಆಟ ಸಿದ್ಧವಾಗಲು ಒಂದು ವರ್ಷವೇ ಹಿಡಿಯಿತು. ಮಧ್ಯೆ ಕೈ ಸೋತ ದಿನಗಳಿದ್ದವು, ಮೊದಲಿನಿಂದ ಮತ್ತೆ ಬರೆದ ಚಿತ್ರಗಳಿದ್ದವು. ದೊಡ್ಡ ಹೆಸರೇನೂ ಬರಲಿಲ್ಲ. ಆದರೆ ಆಡಿದವರು ನಕ್ಕರು, ಅಂಗಡಿಯವರು ಮತ್ತೆ ತರಿಸಿದರು, ಕನ್ನಡಕದ ಹೆಂಗಸು ಇನ್ನೊಂದು ಆಟಕ್ಕೂ ಅವಳನ್ನೇ ಕರೆದರು.

ತನ್ನ ಪಾಲಿಗೆ ಬಂದ ಆಟದ ಪೆಟ್ಟಿಗೆಗಳನ್ನು ಚಿಕ್ಕಿ ತಾನೇ ಹಂಚಿ ಬಂದಳು. ಮುದ್ರಣಾಲಯಕ್ಕೊಂದು, ಮೇಷ್ಟ್ರ ಮನೆಗೊಂದು ಕೊಟ್ಟಳು. ಮೇಷ್ಟ್ರು ಕಾರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಅಚ್ಚಿನ ಬಣ್ಣ ಇನ್ನೂ ಸ್ವಲ್ಪ ಗಾಢವಾಗಿರಬೇಕಿತ್ತು ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನ ಎದುರು ನಿಂತಾಗ ಮಾತ್ರ, ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳೆಲ್ಲ ಮರೆತುಹೋದವು.

"ನೀವು ಅವತ್ತು..." ಎಂದಷ್ಟೇ ಹೇಳಲಾಯಿತು.

ಡಾಕ್ಟರಮ್ಮ ಪೆಟ್ಟಿಗೆ ತೆಗೆದುಕೊಂಡು ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಅವರಲ್ಲೊಬ್ಬರು ಅದೇನು ಎಂದು ಕೇಳಿದರು. ಚಿಕ್ಕಿ ಅವರ ಪಕ್ಕದಲ್ಲೇ ಕೂತು, ಕಾರ್ಡು ಹಂಚಿ, ಆಡುವುದು ಹೇಗೆಂದು ಹೇಳಿಕೊಡತೊಡಗಿದಳು.