ಅಜ್ಜಿಯ ಹೊಂಗೆ ಎಣ್ಣೆ

ಕಾರು ರಿಪೇರಿಗೆಂದು ಇವತ್ತು ಗಲ್ಫಿನ ಈ ರಾಸ್ ಅಲ್ ಖೋರ್‌ಗೆ ಹೋದರೆ, ಗ್ಯಾರೇಜಿನ ಪಕ್ಕ ಒಂದು ಹೊಂಗೆ ಮರ! ಇದಕ್ಕೆ ಈ ಮರಳುಗಾಡು ಯಾಕೆ ಬೇಕಿತ್ತೋ. ಬಿದ್ದ ಕಾಯಿ ಒಡೆದು ಬೀಜವನ್ನು ಬೆರಳಲ್ಲಿ ಹಿಸುಕಿ ಮೂಸಿದೆ. ಅಜ್ಜಿ ನೆನಪಾದರು.

ಊರಲ್ಲಿ ನಮ್ಮ ಹೊಂಗೆ ಉಪ್ಪುನೀರು ಏರುವ ಹೊಳೆಬದಿಯ ಕೆಸರಲ್ಲೇ ನಿಂತಿತ್ತು. ನೀರಲ್ಲಿ ತೇಲುವ ಕಾಯಿಗಳನ್ನು ಅಜ್ಜಿ ಬುಟ್ಟಿಯಲ್ಲಿ ಬಾಚಿ, ಒಣಗಿಸಿ, ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸುತ್ತಿದ್ದರು. ನನಗೆ ಮೈತುಂಬ ಕಜ್ಜಿಯಾದಾಗ ಅದನ್ನೇ ಬಳಿದು ಶಾಲೆಗೆ ಕಳಿಸಿದರು. ಆ ವಾಸನೆಗೆ ನನ್ನ ಬೆಂಚಿನವರೆಲ್ಲ ಎದ್ದು ಹೋದರು. ಅವತ್ತು ಮನೆಯಲ್ಲೂ ನಾನು ಊಟಕ್ಕೆ ದೂರವೇ ಕೂತೆ.

ಅಜ್ಜಿ ಸಮಾಧಾನ ಹೇಳಲಿಲ್ಲ. ತಮ್ಮ ಎರಡೂ ಕೈಗೆ ಮೊಣಕೈವರೆಗೆ ಅದೇ ಎಣ್ಣೆ ಬಳಿದುಕೊಂಡು ಬಂದು ನನಗೆ ಒತ್ತಿ ಕೂತರು.

“ಈಗ ವಾಸನೆ ಯಾರದ್ದು, ಹೇಳು ನೋಡುವ!”

ಅಷ್ಟರಲ್ಲಿ ಇಲ್ಲಿ ಗ್ಯಾರೇಜಿನಲ್ಲಿ ಕಾರು ರೆಡಿಯಾಗಿತ್ತು. ಮೆಕ್ಯಾನಿಕ್ ನಮ್ಮ ಮಂಗಳೂರು ಕಡೆಯವರೇ. ಕೀಯನ್ನು ನನ್ನ ಕೈಗೆ ಕೊಡದೆ ಬಾನೆಟ್ ಮೇಲಿಟ್ಟು ಹಿಂದೆ ಸರಿದರು.

“ಕೈಯೆಲ್ಲ ಗ್ರೀಸ್ ಉಂಟು ಮೇಡಂ, ವಾಸನೆ ಬರ್ತದೆ.”

ಹೊಂಗೆ ಮೆತ್ತಿದ ಕೈಯನ್ನೇ ಚಾಚಿದೆ.

“ನನ್ನದೂ ಬರ್ತದೆ. ಕೈಗೇ ಕೊಡಿ.”