ಅಪ್ಪ ನಿದ್ದೆ ಹೋದ ಪುಟಗಳು

ನನ್ನ ಪಿಎಚ್‌ಡಿ ಪ್ರಬಂಧದ ಮೊದಲ ಮೂರು ಅಧ್ಯಾಯಗಳನ್ನು ಓದಿದವರು, ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ ಅನ್ನುತ್ತಾರೆ. ನಾನು ಥ್ಯಾಂಕ್ಸ್ ಹೇಳಿ ಸುಮ್ಮನಾಗುತ್ತೇನೆ. ಅದಕ್ಕೆ ಕಾರಣ ನನ್ನ ಬರವಣಿಗೆಯಲ್ಲ, ನಮ್ಮಪ್ಪನ ನಿದ್ದೆ ಅಂತ ಹೇಳಿದರೆ ಯಾರು ನಂಬುತ್ತಾರೆ?

ನಾನು ಓದುವುದು ಯಲಹಂಕದ ಆಚೆ, ಅಂತರರಾಷ್ಟ್ರೀಯ ವ್ಯವಹಾರಗಳನ್ನು ಕಲಿಸುವ ಒಂದು ಸಂಸ್ಥೆಯಲ್ಲಿ. ಹೆಸರು ಕೇಳಿದರೆ ವಾರಕ್ಕೊಂದು ದೇಶ ಸುತ್ತಿ ಬರುತ್ತೇನೆ ಅನ್ನಿಸಬೇಕು. ನಾನು ಸುತ್ತುವುದು ಕೆಂಪಾಪುರದ ನಮ್ಮ ಮನೆಯಿಂದ ಅಲ್ಲಿಗೆ, ಅಲ್ಲಿಂದ ಮನೆಗೆ. ಬಸ್‌ಸ್ಟಾಪಿನಲ್ಲಿ ನಿಂತಿರುವಾಗ ಏರ್‌ಪೋರ್ಟ್ ಬಸ್ಸುಗಳು ಮೂಗಿನ ಮುಂದೆಯೇ ಹಾದುಹೋಗುತ್ತವೆ. ಹತ್ತುವ ಪ್ರಸಂಗ ಬಂದಿಲ್ಲ. "ಫಾರಿನ್‌ಗೆ ಯಾವಾಗಮ್ಮಾ?" ಅಂತ ಕೇಳುವುದನ್ನು ಬೀದಿಯವರು ಬಿಟ್ಟು ಬಹಳ ದಿನವಾಯಿತು. ಐದನೇ ವರ್ಷಕ್ಕೆ ಬಿದ್ದ ಪಿಎಚ್‌ಡಿ ವಿದ್ಯಾರ್ಥಿಯನ್ನು ಜನ ಹಳೇ ಕಾಯಿಲೆಯವರನ್ನು ನೋಡುವ ಹಾಗೆ ನೋಡುತ್ತಾರೆ. ಹೇಗಿದ್ದೀಯ ಅನ್ನುತ್ತಾರೆ, ವಾಸಿಯಾಯಿತಾ ಅಂತ ಮಾತ್ರ ಕೇಳುವುದಿಲ್ಲ.

ನನ್ನ ವಿಷಯ ಜಂಟಿ ಹೇಳಿಕೆಗಳು. ಎರಡು ದೇಶದವರು ದಿನಗಟ್ಟಲೆ ಕೂತು ಮಾತಾಡಿ, ಏನೂ ತೀರ್ಮಾನವಾಗದೆ, ಕೊನೆಗೆ ಇಬ್ಬರೂ ಸೇರಿ ಒಂದು ಪುಟ ಬರೆದು ಪತ್ರಿಕೆಯವರಿಗೆ ಕೊಡುತ್ತಾರಲ್ಲ, ಅದು. 'ಮನಬಿಚ್ಚಿ ಮಾತನಾಡಿದರು' ಅಂದರೆ ಜಗಳವಾಡಿದರು. 'ಮಾತುಕತೆ ಉಪಯುಕ್ತವಾಗಿತ್ತು' ಅಂದರೆ ಊಟ ಚೆನ್ನಾಗಿತ್ತು. 'ಮತ್ತೆ ಭೇಟಿಯಾಗಲು ಒಪ್ಪಿದರು' ಅಂದರೆ ಬೇರೆ ಯಾವುದಕ್ಕೂ ಒಪ್ಪಲಿಲ್ಲ. ಇಂಥವನ್ನು ಓದಿ ಓದಿ ನನಗೊಂದು ಅನುಮಾನ ಹುಟ್ಟಿದೆ. ಲೋಕದಲ್ಲಿ ಅಪರೂಪಕ್ಕೆ ಒಪ್ಪಂದವೇನಾದರೂ ಆಗಿದ್ದರೆ ಅದು ಜಾಣತನದಿಂದಲ್ಲ, ಸುಸ್ತಿನಿಂದ. ಸಾಕಪ್ಪಾ, ಸಹಿ ಹಾಕಿ ಮಲಗೋಣ ಅಂತ ಎರಡೂ ಕಡೆಯವರಿಗೆ ಒಟ್ಟಿಗೆ ಅನ್ನಿಸಿರಬೇಕು. ಇದನ್ನು ಪ್ರಬಂಧದಲ್ಲಿ ಬರೆಯುವಂತಿಲ್ಲ, ಅಡಿಟಿಪ್ಪಣಿಗೆ ಆಧಾರ ಸಿಗುವುದಿಲ್ಲ.

ಅಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡಿ ರಿಟೈರ್ ಆದವರು. ಅವರ ನಿದ್ದೆಗೆ ಹಗಲು ರಾತ್ರಿಯ ಭೇದವಿರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ ಮಾಡಿ, ಸ್ಟಾಪ್ ಬಂದಾಗ ಸರಿಯಾಗಿ ಇಳಿಯುತ್ತಿದ್ದರಂತೆ. ನಾನು ಬರೆಯಲು ಶುರು ಮಾಡಿದಾಗ, "ಅದೇನ್ ಬರೀತೀಯೋ ಓದಮ್ಮ, ಕೇಳ್ತೀನಿ" ಅಂದರು. ಭಾನುವಾರ ಊಟವಾದ ಮೇಲೆ ವರಾಂಡದ ವೈರ್ ಕುರ್ಚಿಯಲ್ಲಿ ಅವರು ಕೂರುವುದು, ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡ ಮಾಡಿಕೊಂಡು ನಾನು ಓದುವುದು. ಕೆಲವು ಪುಟ ಕಣ್ಣರಳಿಸಿ ಕೇಳುವರು. ಆಮೇಲೆ ಎಲ್ಲೋ ಒಂದು ಕಡೆ ಗದ್ದ ಎದೆಗೆ ತಾಗುವುದು.

"ನಿದ್ದೆ ಬಂತಾ ಅಪ್ಪ?"

"ಇಲ್ಲ ಕಣಮ್ಮ, ಕಣ್ಣು ಮುಚ್ಕೊಂಡು ಕೇಳ್ತಿದ್ದೆ."

"ಕೊನೇಗೆ ಏನ್ ಓದ್ದೆ ಹಾಗಾದ್ರೆ?"

"ಅದೇ... ಎರಡೂ ದೇಶದೋರು ಒಪ್ಕೊಂಡ್ರು."

ನನ್ನ ಪ್ರಬಂಧದಲ್ಲಿ ಯಾವ ದೇಶದವರೂ ಯಾವುದಕ್ಕೂ ಒಪ್ಪಿಕೊಳ್ಳುವುದಿಲ್ಲ. ಅಮ್ಮ ಅಡುಗೆಮನೆಯಿಂದಲೇ, "ಗೊರಕೆ ಇಲ್ಲೀವರ್ಗೂ ಕೇಳಿಸ್ತು ಕಣ್ರೀ" ಅನ್ನುವರು.

ಮೊದಮೊದಲು ನನಗೆ ಬೇಜಾರಾಗುತ್ತಿತ್ತು. ಆಮೇಲೆ ನೋಡಿದರೆ, ನಮ್ಮ ಗೈಡ್ ಮೇಡಂ 'ಇಲ್ಲಿ ತುಂಬ ಎಳೆದಿದ್ದೀರಿ' ಅಂತ ಗುರುತು ಹಾಕಿದ್ದೂ ಅದೇ ಜಾಗಕ್ಕೆ. ಅಂದಿನಿಂದ ಅಪ್ಪ ತೂಕಡಿಸಿದ ಕಡೆ ಪೆನ್ಸಿಲ್ ಗೆರೆ ಎಳೆದು, ಅಷ್ಟನ್ನು ಕತ್ತರಿಸಿಯೇ ಮೇಡಂಗೆ ಕಳಿಸುತ್ತಿದ್ದೆ. ಮೂರು ಅಧ್ಯಾಯ ಹೀಗೆ ದಾಟಿದೆ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಅಮ್ಮ ಕಾಫಿ ತಂದು, "ಏಳ್ರೀ" ಅಂದರು. ಅಪ್ಪ ಅದೇ ಕುರ್ಚಿಯಲ್ಲಿದ್ದರು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಾರೆ ಅಂತಲೇ ನಾನೂ ಒಂದು ಗಳಿಗೆ ಅಂದುಕೊಂಡೆ.

ಆಮೇಲೆ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ನನಗೆ ನಿದ್ದೆ ಹತ್ತಲಿಲ್ಲ, ನಾಲ್ಕನೇ ಅಧ್ಯಾಯವೂ ಮುಗಿಯಲಿಲ್ಲ. ಮುಗಿಯಲಿಲ್ಲ ಅನ್ನುವುದಕ್ಕಿಂತ, ಮುಗಿದಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಎಲ್ಲಿ ಕತ್ತರಿಸಬೇಕು ಅಂತ ಹೇಳುವವರಿರಲಿಲ್ಲ. ಮೇಡಂ ಒಳ್ಳೆಯವರು, ಎರಡು ಸಲ ಗಡುವು ಮುಂದೂಡಿಸಿ ಕೊಟ್ಟರು. ಈ ತಿಂಗಳ ಕೊನೆಗೆ ಕೊಡದಿದ್ದರೆ ಸೀಟು ಉಳಿಯುವುದಿಲ್ಲ ಅಂತ ಅವರೇ ಫೋನು ಮಾಡಿ ಮೆತ್ತಗೆ ಹೇಳಿದರು. ಅಮ್ಮನಿಗೆ ಓದಿ ನೋಡಿದೆ. ಅಮ್ಮ ಹುರುಳಿಕಾಯಿ ಮುರಿಯುತ್ತಾ ಎಲ್ಲ ಪುಟಕ್ಕೂ "ಚೆನ್ನಾಗಿದೆ ಕಣೇ" ಅಂದರು. ಜಂಟಿ ಹೇಳಿಕೆಯ ಹಾಗೆ.

ಹೋದ ಭಾನುವಾರ ಊಟವಾದ ಮೇಲೆ ಕಾಗದ ಹಿಡಿದು ಆ ಕುರ್ಚಿಯಲ್ಲಿ ನಾನೇ ಕೂತೆ. ಗಟ್ಟಿಯಾಗಿ, ಕನ್ನಡ ಮಾಡಿಕೊಂಡು, ಯಾರಿಗೂ ಅಲ್ಲದೆ ಓದತೊಡಗಿದೆ. ಮೊದಲ ದಿನದ ಮಾತುಕತೆ ಮುಗಿಯಿತು, ಎರಡನೇ ದಿನದ್ದು ಶುರುವಾಯಿತು. ಆಮೇಲಿನದು ನನಗೆ ಗೊತ್ತಿಲ್ಲ.

ಭುಜ ಹಿಡಿದು ಯಾರೋ ಅಲ್ಲಾಡಿಸುತ್ತಿದ್ದರು. "ಏಳೇ! ಏ, ಏಳೇ!" ಕಣ್ಣು ಬಿಟ್ಟರೆ ಅಮ್ಮ. ನಾನು ಕಣ್ಣು ಬಿಟ್ಟ ಮೇಲೂ ಭುಜ ಬಿಟ್ಟಿರಲಿಲ್ಲ. ಯಾಕೆ ಅಂತ ಕೇಳಬೇಕಾಗಿರಲಿಲ್ಲ.

"ಇಲ್ಲಮ್ಮ, ಕಣ್ಣು ಮುಚ್ಕೊಂಡು ಓದ್ತಿದ್ದೆ" ಅಂದೆ.

ಅಮ್ಮ ನನ್ನ ಮುಖವನ್ನೇ ನೋಡಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದರು, "ಕೊನೇಗೆ ಏನ್ ಓದ್ದೆ?"

"ಎರಡೂ ದೇಶದೋರು ಒಪ್ಕೊಂಡ್ರು."

"ಸುಳ್ಳಿ. ಗೊರಕೆ ಅಡುಗೆಮನೇವರ್ಗೂ ಕೇಳಿಸ್ತು."

ಮಡಿಲಲ್ಲಿ ಬಿದ್ದಿದ್ದ ಪುಟಕ್ಕೆ ಪೆನ್ಸಿಲ್ ಗೆರೆ ಎಳೆದೆ. ಎರಡನೇ ದಿನದ ಕಾರ್ಯಸೂಚಿ, ಉಪಸಮಿತಿಗಳ ರಚನೆ. ನಿಜಕ್ಕೂ ಎಳೆದಿದ್ದೆ. ಅದನ್ನು ಕತ್ತರಿಸಿ ಉಳಿದದ್ದನ್ನು ಸೋಮವಾರ ಮೇಡಂಗೆ ಕಳಿಸಿದೆ.

ಕತ್ತರಿಸಿದ ಪುಟವನ್ನು ಮಾತ್ರ ಬಿಸಾಡಿಲ್ಲ. ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ. ಬೇಕಾಗುತ್ತದೆ.