ಪ್ಲೇಟಿನ ಇನ್ನೊಂದು ಮಗ್ಗುಲು

ಪದ್ಮ, ಆ ಹಾಡಿನ ಪ್ಲೇಟನ್ನು ಹಾಳು ಮಾಡಿದವನು ನಾನು. ನೀನಲ್ಲ. ಈ ಎರಡು ಮಾತು ಬರೆಯಲು ನನಗೆ ಐವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಬರೆದಾದ ಮೇಲೂ ಎದೆಯಲ್ಲಿ ಏನೂ ಆಗುತ್ತಿಲ್ಲ — ಹಗುರವೂ ಇಲ್ಲ, ಭಾರವೂ ಇಲ್ಲ.

ಅರವತ್ತರ ದಶಕದ ಕೊನೆ. ಶಿಡ್ಲಘಟ್ಟದಲ್ಲಿ ನಿಮ್ಮ ಮನೆ ಮುಂದಿನ ಬೀದಿ, ನಮ್ಮದು ಹಿಂದಿನ ಬೀದಿ. ನಿನ್ನ ಅಣ್ಣ ಶಾಮಣ್ಣ ಮತ್ತು ನಾನು ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅವನು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾದ. ನಾನಿನ್ನೂ ಕೆಲಸ ಹುಡುಕುತ್ತಿದ್ದೆ. ಬೊಂಬಾಯಿಯ ಬಂದರಿನಲ್ಲಿದ್ದ ನಿಮ್ಮ ಸೋದರಮಾವ ಅವನಿಗೊಂದು ಕರೆಂಟಿನ ಪ್ಲೇಯರ್, ಅದರ ಜೊತೆ ವಿಲಾಯತಿಯ ಎಲ್‌ಪಿ ಪ್ಲೇಟೊಂದನ್ನು ತಂದುಕೊಟ್ಟಿದ್ದರು. ಈಗಿನವರು ಹೆವಿ ಮೆಟಲ್ ಎನ್ನುವ ಸಂಗೀತ ಅದು. ಆಗ ನಮಗೆ ಅದರ ಹೆಸರು ಗೊತ್ತಿರಲಿಲ್ಲ. ಗಿಟಾರು ಅಷ್ಟು ದಪ್ಪ ದನಿಯಲ್ಲಿ ಗುಡುಗಬಲ್ಲದು ಎಂದೂ ಗೊತ್ತಿರಲಿಲ್ಲ.

"ಕಬ್ಬಿಣ ಹಾಡ್ತಿದೆ ಕಣೋ ಕಿಟ್ಟಿ," ಎನ್ನುತ್ತಿದ್ದ ಶಾಮಣ್ಣ, ಕಣ್ಣು ಮುಚ್ಚಿಕೊಂಡು.

"ಹಾಡ್ತಿಲ್ಲ ಕಣಪ್ಪ, ಕುಲುಮೆಗೆ ಹೊಟ್ಟೆನೋವು ಬಂದಿದೆ," ಎಂದು ನಿಮ್ಮಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ನೀನು ಬಾಗಿಲಲ್ಲಿ ನಿಂತು ನಗುತ್ತಿದ್ದೆ.

ಅವನು ಒಂದೇ ಮಗ್ಗುಲು ಹಾಕುತ್ತಿದ್ದ. ಸವೆದೀತೆಂದು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. "ಆ ಕಡೇದು ಹಬ್ಬಕ್ಕೆ." ನನಗೆ ಬೇಕಾದದ್ದು ಅದೇ. ಅವನಿಗಿಂತ ಮೊದಲು, ಅವನಿಲ್ಲದೆ, ಒಬ್ಬನೇ ಕೇಳಬೇಕಿತ್ತು. ಕೆಲಸವಿದ್ದವನ ಮೇಲೆ ಕೆಲಸವಿಲ್ಲದವನ ಹೊಟ್ಟೆಕಿಚ್ಚೋ ಏನೋ — ಹೆಸರು ಯಾವುದಾದರೇನು.

ಅವನು ಮಾರುಕಟ್ಟೆಗೆ ಹೋಗಿದ್ದ ಒಂದು ಬೆಳಿಗ್ಗೆ, ನೀನು ಮತ್ತು ಅಮ್ಮ ಹಿತ್ತಲಲ್ಲಿದ್ದಾಗ, ಪ್ಲೇಟನ್ನು ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ದೆ. ನಮ್ಮಲ್ಲಿದ್ದದ್ದು ತಾತನ ಕಾಲದ, ಕೀ ಕೊಡುವ ಗ್ರಾಮಫೋನು. ಅದಕ್ಕೆ ಉಕ್ಕಿನ ಮುಳ್ಳು. ತಾತನ ಪ್ಲೇಟುಗಳು ಗಟ್ಟಿ, ಬೇಗ ತಿರುಗುವಂಥವು. ಇದು ಮೆತ್ತನೆಯದು, ನಿಧಾನಕ್ಕೆ ತಿರುಗಬೇಕಾದದ್ದು. ನನಗೇನು ಗೊತ್ತು — ಮುಳ್ಳೆಂದರೆ ಮುಳ್ಳು. ಇಟ್ಟೆ. ಮೇಕೆಮರಿಯ ಹಾಗೆ ಅರಚಿತು. ವೇಗ ತಗ್ಗಲೆಂದು ಅಂಚನ್ನು ಬೆರಳಿನಿಂದ ಒತ್ತಿ ಹಿಡಿದೆ. ಒಂದು ಕ್ಷಣ ಆ ದಪ್ಪ ದನಿ ಬಂತು, ಹೋಯಿತು. ಮತ್ತೆ ಇಟ್ಟೆ. ಮೂರನೆಯ ಸಲಕ್ಕೆ ಮುಳ್ಳಿನ ಕೆಳಗೆ ಕಾಡಿಗೆಯಂಥ ಕಪ್ಪು ಪುಡಿ ಕಂಡಿತು. ಧೂಳೆಂದುಕೊಂಡು ಊದಿದೆ. ಊದಿದ್ದು ಹಾಡನ್ನೇ.

ಮಧ್ಯಾಹ್ನದೊಳಗೆ ಇದ್ದ ಜಾಗದಲ್ಲೇ ಇಟ್ಟು ಬಂದೆ.

ಯುಗಾದಿಯ ದಿನ ಶಾಮಣ್ಣ ಆ ಮಗ್ಗುಲು ಹಾಕಿದ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು, ಅಷ್ಟೇ. ಆ ಕೋಣೆಗೆ ಹೋಗಿಬರುತ್ತಿದ್ದವರು ನೀನು ಮತ್ತು ನಾನು ಮಾತ್ರ. ಮಾತಿಗೆ ಮಾತು ಬೆಳೆಯುವುದು ಬೇಡವೆಂದು ನಿಮ್ಮಮ್ಮ ದೇವರ ಮುಂದೆ ಕರ್ಪೂರ ಹಚ್ಚಿದರು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿದರೆ ಆಣೆ ಮಾಡಿದ ಹಾಗೆ.

"ನಾನು ಮುಟ್ಟಿಲ್ಲ," ಎಂದೆ. ಆರಿಸಿದೆ. ಸುಡಲಿಲ್ಲ. ಏನೂ ಅನ್ನಿಸಲಿಲ್ಲ.

ಮತ್ತೆ ಹಚ್ಚಿದರು. ನೀನು ಕೈಕಟ್ಟಿಕೊಂಡೆ. "ಒಂದು ಪ್ಲೇಟಿಗೆಲ್ಲ ದೇವ್ರನ್ನ ಎಳೀಬೇಡಮ್ಮ. ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ. ಅಣ್ಣಂಗೆ ನನ್ ಮಾತು ಸಾಲ್ದಾ?"

"ಗೊತ್ತಾಯ್ತು ಬಿಡು," ಎಂದ ಶಾಮಣ್ಣ.

ಆಮೇಲೆ ಅವನು ನಿನ್ನನ್ನು ಮಾತಾಡಿಸಲಿಲ್ಲ. ಪ್ಲೇಟು ಹೋದದ್ದಕ್ಕಲ್ಲ, ತಂಗಿ ಸುಳ್ಳು ಹೇಳಿದಳೆಂದು. ಸುಳ್ಳು ಹೇಳಿದವನ ಹೆಗಲ ಮೇಲೆ ಕೈಹಾಕಿಕೊಂಡೇ ಓಡಾಡಿದ.

ಮರುವರ್ಷ ಗೌರಿಬಿದನೂರಿನ ಛತ್ರದಲ್ಲಿ ನಿನ್ನ ಮದುವೆ. ಮದುಮಗಳ ಬೊಗಸೆಗೆ ಅಣ್ಣ ಅರಳು ತುಂಬಬೇಕು, ಅವಳು ಅದನ್ನು ಹೋಮಕ್ಕೆ ಹಾಕಬೇಕು. ಶಾಮಣ್ಣ ಕಂಬಕ್ಕೊರಗಿ ಕೂತೇ ಇದ್ದ.

"ಅಣ್ಣ ಎಲ್ರಪ್ಪ? ಬೆಂಕಿ ಕಾಯುತ್ತೇನು?" ಪುರೋಹಿತರು ಎರಡು ಸಲ ಕೂಗಿದರು.

ನೀನು ತಲೆಯೆತ್ತದೆ ಹೇಳಿದೆ: "ಕಿಟ್ಟಣ್ಣ, ನೀವೇ ಹಾಕಿ."

ನಾನು ಎದ್ದು ಬಂದೆ, ಪದ್ಮ. ಮೂರು ಸಲ ನಿನ್ನ ಬೊಗಸೆ ತುಂಬಿದೆ. ಪ್ಲೇಟು, ಕರ್ಪೂರ ಎಲ್ಲಕ್ಕಿಂತ ದೊಡ್ಡ ತಪ್ಪು — ಅದು. ಆಗಲಾದರೂ ಹೇಳಬಹುದಿತ್ತು. ಶಾಮಣ್ಣ ಹತ್ತು ಹೆಜ್ಜೆ ದೂರದಲ್ಲಿದ್ದ.

ಹೋದ ತಿಂಗಳು ಚಿಕ್ಕಬಳ್ಳಾಪುರದ ಮೊಬೈಲ್ ಅಂಗಡಿಯೊಂದರಲ್ಲಿ ಆ ದನಿ ಕಿವಿಗೆ ಬಿತ್ತು. ಅಂಗಡಿ ನಡೆಸುವ ಹೆಣ್ಣುಮಗಳಿಗೆ ಇಪ್ಪತ್ತೈದಿರಬಹುದು. "ನಮ್ಮಪ್ಪ ಹುಟ್ಟೋಕೆ ಮುಂಚಿಂದು ತಾತ," ಎಂದಳು. "ಆದ್ರೂ ಇದ್ರ ಮುಂದೆ ಹೊಸದೆಲ್ಲ ಸಪ್ಪೆ." ಇಡೀ ಪ್ಲೇಟು ಅವಳ ಫೋನಿನಲ್ಲಿತ್ತು. ಮುಂದಿನದನ್ನೂ ಹಾಕಮ್ಮ ಎಂದು ಕೇಳಿ, ಸ್ಟೂಲಿನ ಮೇಲೆ ಕೂತು, ಇನ್ನೊಂದು ಮಗ್ಗುಲನ್ನು ಕೊನೆತನಕ ಕೇಳಿದೆ. ಒಂದು ಗೀರಿಲ್ಲ. ಲೋಕದಲ್ಲೆಲ್ಲ ಅದು ಹೊಸದಾಗಿಯೇ ಉಳಿದಿದೆ. ಹಾಳಾದದ್ದು ನಿಮ್ಮ ಮನೆಯಲ್ಲಿ ಮಾತ್ರ.

ಶಾಮಣ್ಣ ಚಿಂತಾಮಣಿಯಲ್ಲಿ ಮಗಳ ಜೊತೆಗಿದ್ದಾನೆ. ಈಗಲೂ, "ಪದ್ಮ ಅವತ್ತು ಒಂದು ನಿಜ ಹೇಳಿದ್ದಿದ್ರೆ ಸಾಕಾಗಿತ್ತು ಕಣೋ," ಎನ್ನುತ್ತಾನೆ. ನಾನು ಹೂಂ ಎನ್ನುತ್ತೇನೆ — ಎನ್ನುತ್ತಿದ್ದೆ.

ಈ ಕಾಗದವನ್ನು ನಿನಗೆ ಅಂಚೆಗೆ ಹಾಕಿ, ನಕಲು ಹಿಡಿದು ಸೋಮವಾರ ಅವನಲ್ಲಿಗೆ ಹೋಗುತ್ತೇನೆ. ಅವನ ಕಣ್ಣು ಮಂಜಾಗಿದೆ. ನಾನೇ ಓದಿ ಹೇಳಬೇಕು. ಕ್ಷಮಿಸು ಎಂಬ ಸಾಲೊಂದನ್ನು ಬರೆದಿದ್ದೆ, ಹೊಡೆದುಹಾಕಿದೆ. ಅರ್ಧಕ್ಕೇ ಅವನು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರೆ, ಮಿಕ್ಕದ್ದನ್ನು ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದುತ್ತೇನೆ.